ನಲವತ್ತೊಂದನೇ ಗುಂಡಿಯ ಕಾವು

ಗಂಟುಮೋರೆಗೆ ಆ ಹೆಸರು ಬಂದದ್ದು ಎರಡು ಕಾರಣಕ್ಕೆ. ಮೊದಲನೆಯದು ಅವನ ಕಸುಬು. ನೆಲದಡಿ ಹೂಳುವ ಕರೆಂಟಿನ ಕೇಬಲ್ಲು ಒಂದೇ ಉದ್ದಕ್ಕೆ ಬರುವುದಿಲ್ಲ. ಆಳೆತ್ತರದ ಉರುಳೆಗಳಲ್ಲಿ ತುಂಡು ತುಂಡಾಗಿ ಬರುತ್ತದೆ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಕಡೆ ಗುಂಡಿ ತೋಡುತ್ತಾರೆ. ಆ ಗುಂಡಿಗಿಳಿದು ಎರಡು ತುದಿಗಳನ್ನು ಸೇರಿಸಿ ಕಟ್ಟುವವನು ಇವನು. ಕಚೇರಿಯವರು ಅದಕ್ಕೆ ಜಾಯಿಂಟು ಅನ್ನುತ್ತಾರೆ, ಕೆಲಸದವರು ಗಂಟು ಅನ್ನುತ್ತಾರೆ. ಎರಡನೇ ಕಾರಣ ಸಾಕ್ಷಾತ್ ಅವನ ಮೋರೆ. ಹುಟ್ಟಿದ ಕೂಡಲೇ ಸೂಲಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿ ‘ಇಷ್ಟೇನಾ ನಿನ್ನ ಕೆಲಸ’ ಅನ್ನುವ ಹಾಗೆ ಮೂಗು ಮುರಿದನಂತೆ. ಮನೆಯಲ್ಲಿ ಹಾಲು ಒಡೆಸಬೇಕಾಗಿ ಬಂದು ನಿಂಬೆಹಣ್ಣು ಇಲ್ಲದಿದ್ದರೆ ಅವನ ಹೆಂಡತಿ ಪಾತ್ರೆಯನ್ನು ಒಂದು ಗಳಿಗೆ ಅವನ ಮುಖದ ಮುಂದೆ ಹಿಡಿದು ಒಳಗೆ ಒಯ್ಯುತ್ತಿದ್ದಳು ಎಂದು ನೆರೆಹೊರೆಯವರು ಹೇಳುತ್ತಾರೆ. ಅವಳನ್ನೇ ಕೇಳಿದರೆ ಅದು ಸುಳ್ಳು, ಪಾತ್ರೆ ಒಯ್ಯಬೇಕಾಗಿಯೇ ಇರಲಿಲ್ಲ, ಅಡುಗೆಮನೆ ಬಾಗಿಲು ತೆರೆದಿದ್ದರೆ ಸಾಕಾಗುತ್ತಿತ್ತು ಅನ್ನುತ್ತಾಳೆ.

ಅವನ ಲೆಕ್ಕದಲ್ಲಿ ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ಕೂತ ಕೆಲಸ ಮುಗಿಸಿ ಏಳುವವರು, ಕೆಲಸದ ಹೆಸರಿನಲ್ಲಿ ಎದ್ದು ಓಡಾಡುವವರು. ಇದು ಗುಂಡಿಯಲ್ಲಿ ಕಲಿತ ಪಾಠ. ಕೇಬಲ್ಲಿನ ಮೇಲಿನ ತೊಗಟೆ ಸುಲಿದು, ಉಕ್ಕಿನ ತಂತಿ ಬಿಚ್ಚಿ, ತಾಮ್ರದ ಪಟ್ಟಿ ಹಿಂದಕ್ಕೆ ಮಡಚಿ, ಒಳಗಿನ ಬೆಳ್ಳಗಿನ ಮೈ ಒಮ್ಮೆ ಗಾಳಿಗೆ ಕಂಡಿತು ಅನ್ನಿ, ಆಮೇಲೆ ಎಂಟೋ ಒಂಬತ್ತೋ ಗಂಟೆ ಏಳುವ ಹಾಗಿಲ್ಲ. ಊಟಕ್ಕೆ ಎದ್ದರೆ ತೇವ ಹಿಡಿಯಿತು. ಹಣೆಯ ಬೆವರು ಒಂದು ಹನಿ ಬಿತ್ತೋ, ಇವತ್ತಲ್ಲದಿದ್ದರೆ ಎರಡು ವರ್ಷಕ್ಕೆ ಆ ಗಂಟು ಸಿಡಿದು ಅರ್ಧ ಊರು ಕತ್ತಲಾಯಿತು. ಮೂವತ್ತೆಂಟು ವರ್ಷದಲ್ಲಿ ಅವನ ಒಂದೇ ಒಂದು ಗಂಟು ಸಿಡಿದಿರಲಿಲ್ಲ. ಹಾಗಾಗಿ ಮೊದಲನೇ ಜಾತಿಯಲ್ಲಿ ತಾನೊಬ್ಬನೇ ಇದ್ದೇನೆ ಎಂದು ಅವನು ನಂಬಿದ್ದ. ಹೆಂಡತಿಯನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಇನ್ನೂ ವಿಚಾರಣೆಯಲ್ಲಿತ್ತು. ಕಚೇರಿಯ ಮೂರು ಮಹಡಿಯನ್ನೂ ಎರಡನೇ ಜಾತಿಗೆ ಇಡಿಯಾಗಿ ತಳ್ಳಿ ಚಿಲಕ ಹಾಕಿದ್ದ.

ನಿವೃತ್ತಿಗೆ ಐದು ತಿಂಗಳು ಇದ್ದಾಗ ಅವನನ್ನು ಜೌಗಿನ ಕೆಲಸಕ್ಕೆ ಹಾಕಿದರು.

ಊರಾಚೆ ಒಂದು ದೊಡ್ಡ ಜೌಗುನೆಲವಿತ್ತು. ಜೊಂಡು, ಕೆಸರು, ಅಲ್ಲಲ್ಲಿ ನಿಂತ ನೀರು, ಲೆಕ್ಕವಿಲ್ಲದಷ್ಟು ಹಕ್ಕಿ. ಅದರ ಮೇಲೆ ಹಾದುಹೋಗಿದ್ದ ಕರೆಂಟಿನ ತಂತಿಗೆ ದೊಡ್ಡ ದೊಡ್ಡ ಹಕ್ಕಿಗಳು ಮಂಜಿನಲ್ಲಿ ಬಂದು ಬಡಿದು ಸಾಯುತ್ತಿದ್ದವು. ಪತ್ರಿಕೆಯಲ್ಲಿ ಚಿತ್ರ ಬಂತು. ಚಿತ್ರ ಬಂದಮೇಲೆ ಮೇಲಿನವರಿಗೆ ಹಕ್ಕಿಗಳ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಕಂಬ ಕೀಳಿ, ತಂತಿ ಇಳಿಸಿ, ಜೌಗಿನ ಅಂಚಿನ ಏರಿಯ ಉದ್ದಕ್ಕೂ ನೆಲದಡಿ ಕೇಬಲ್ಲು ಹಾಕಿ ಎಂದು ಆಜ್ಞೆಯಾಯಿತು. ಅಲ್ಲಿಯವರೆಗೆ ಒಳ್ಳೆಯ ಕೆಲಸವೇ. ಆಮೇಲೆ ಅದು ಕಚೇರಿಯ ಕೈಗೆ ಬಂತು.

ಕಾಮಗಾರಿಯಿಂದ ಹಕ್ಕಿಗಳಿಗೆ ತೊಂದರೆಯಾಗದಂತೆ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿದರು. ಕೊರಳಲ್ಲಿ ಸದಾ ದುರ್ಬೀನು ನೇತಾಡುತ್ತಿದ್ದುದರಿಂದ ಕೆಲಸದವರು ಅವರನ್ನು ದುರ್ಬೀನು ಸಾಹೇಬರು ಅನ್ನುತ್ತಿದ್ದರು. ದುರ್ಬೀನಿನ ಮುಚ್ಚಳ ತೆಗೆದದ್ದನ್ನು ಕಂಡವರಿಲ್ಲ. ಅವರು ಜೌಗಿಗೆ ಬಂದದ್ದು ಒಂದೇ ಸಲ, ಅದೂ ಕಾರಿನಲ್ಲಿ, ಕೆಸರಿನ ವಾಸನೆ ಬರುತ್ತದೆಂದು ಗಾಜು ಏರಿಸಿಕೊಂಡು. ಏರಿಯ ಮೇಲೆ ಹದಿನೈದು ನಿಮಿಷ ಕಾರು ಓಡಿಸಿ, ಮೂವತ್ತರಿಂದ ಐವತ್ತನೇ ಗುಂಡಿಯವರೆಗಿನ ಜಾಗ ‘ಪಕ್ಷಿರಹಿತ’ ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿದರು. ಒತ್ತುವಾಗ ಕಾರಿನ ಬಾನೆಟ್ಟಿನ ಮೇಲೆ ಒಂದು ಹಕ್ಕಿ ಕೂತಿತ್ತು. ಮೊಹರಿನ ಸದ್ದಿಗೆ ಹಾರಿಹೋದದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಇಷ್ಟಕ್ಕೇ ಬಿಟ್ಟರೇ? ‘ಇಲ್ಲಿ ಪಕ್ಷಿಗಳಿವೆ, ಸದ್ದು ಮಾಡಬೇಡಿ’ ಎಂಬ ಫಲಕಗಳನ್ನು ನೂರು ಮಾಡಿಸಿದರು. ಕಬ್ಬಿಣದ ಗೂಟದ ಫಲಕ. ಅದನ್ನು ನೆಡಲು ಸುತ್ತಿಗೆಯಿಂದ ಬಡಿದ ಬಡಿತಕ್ಕೆ ಜೌಗಿನ ಹಕ್ಕಿಗಳೆಲ್ಲ ಎದ್ದು ಮೂರು ದಿನ ಆಕಾಶದಲ್ಲೇ ಇದ್ದವು, ಇಳಿಯಲು ಧೈರ್ಯ ಸಾಲದೆ. ಕೆಲಸದ ಜಾಗದಲ್ಲಿ ಹಕ್ಕಿ ಗೂಡು ಕಟ್ಟದಿರಲೆಂದು ಪ್ಲಾಸ್ಟಿಕ್ಕಿನ ಹದ್ದುಗಳನ್ನು ತರಿಸಿ ಕೋಲಿಗೆ ಸಿಕ್ಕಿಸಿದರು. ವಾರದೊಳಗೆ ಕಾಗೆಗಳು ಅವುಗಳ ನೆತ್ತಿಯ ಮೇಲೆ ಕೂತು ಕೊಕ್ಕು ಉಜ್ಜಿಕೊಳ್ಳುತ್ತಿದ್ದವು. ಒಂದು ಹದ್ದಿನ ತಲೆಯಂತೂ ಮುನ್ನೂರು ಪುಟದ ಪಕ್ಷಿರಕ್ಷಣಾ ಯೋಜನೆಗಿಂತ ಬಿಳಿಯಾಗಿತ್ತು. ಆ ಯೋಜನೆಯ ಪುಸ್ತಕದ ಒಂದು ಪ್ರತಿ ಕೆಲಸದ ಶೆಡ್ಡಿನಲ್ಲೂ ಇತ್ತು. ಚಹಾ ಕಾಯಿಸುವ ಮೇಜಿನ ಒಂದು ಕಾಲು ಗಿಡ್ಡ, ಅದರಡಿ.

ಗಂಟುಮೋರೆ ಇದನ್ನೆಲ್ಲ ನೋಡಿ ಒಂದೇ ಮಾತು ಹೇಳಿದ್ದ: “ಥೂ.”

ನಲವತ್ತೊಂದನೇ ಗುಂಡಿ ತೋಡಿ, ಅದರ ತಳಕ್ಕೆ ಹಾಕಲು ಪಕ್ಕದಲ್ಲಿ ಜಲ್ಲಿ ಸುರಿದು, ಕೇಬಲ್ಲಿನ ಉರುಳೆ ಬರುವುದು ತಡವಾಯಿತೆಂದು ಹಾಗೇ ಬಿಟ್ಟಿದ್ದರು. ಹತ್ತು ದಿನದ ಮೇಲೆ, ಉರುಳೆ ಇನ್ನೇನು ಬರುತ್ತದೆ ಎಂಬ ಸುದ್ದಿ ಕೇಳಿ, ಬೆಳಿಗ್ಗೆ ಗಂಟುಮೋರೆ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋದ. ಜಲ್ಲಿಯ ಹತ್ತಿರ ಕಾಲಿಟ್ಟನೋ ಇಲ್ಲವೋ, ಎಲ್ಲಿಂದಲೋ ಒಂದು ಹಕ್ಕಿ ಗಂಟಲು ಹರಿದುಕೊಂಡು ಅವನ ತಲೆಯ ಮೇಲೆ ಎರಗಿತು. ಉದ್ದ ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ಚರ್ಮ. ಪುಸ್ತಕದವರು ಟಿಟ್ಟಿಭ ಅನ್ನುತ್ತಾರೆ. ಕೆಲಸದವರು ಬಾಯಿಬಡುಕಿ ಅನ್ನುತ್ತಿದ್ದರು. ಅದು ಕೂಗಿದರೆ ಶೆಡ್ಡಿನ ತಗಡು ಅದಿರಿ, ಕೆಟಲ್ಲಿನಲ್ಲಿದ್ದ ಚಹಾ ತಾನಾಗಿ ಲೋಟಕ್ಕೆ ಇಳಿಯುತ್ತಿತ್ತು ಅಂತ ಒಂದು ಮಾತಿದೆ. ಚಹಾ ಇಳಿದದ್ದನ್ನು ನೋಡಿದವರು ಇಬ್ಬರು ಇದ್ದಾರೆ, ಇಬ್ಬರೂ ಇಂಥದ್ದಕ್ಕೆ ಸುಳ್ಳು ಹೇಳುವವರಲ್ಲ.

“ಏನೇ ನಿಂದು ರಗಳೆ?” ಅಂದ ಗಂಟುಮೋರೆ ಹಕ್ಕಿಗೆ. ಅದು ಅವನ ಹೆಲ್ಮೆಟ್ಟಿಗೆ ಫಟ್ಟನೆ ರೆಕ್ಕೆ ಬಡಿದು ಹೋಯಿತು.

ಹಿಂದೆಯೇ ಅಗೆಯುವ ಯಂತ್ರ ಗುರ್ರೆನ್ನುತ್ತ ಬಂತು. ಅದರ ಡ್ರೈವರ್‌ಗೆ ಬಕೆಟ್ಟು ಎಂದು ಹೆಸರು. ಒಳ್ಳೆಯವನೇ, ಆದರೆ ಯಂತ್ರದ ಮುಂದಿನ ಬಕೆಟ್ಟಿನಿಂದ ಎತ್ತಲಾಗದ ಯಾವ ಸಮಸ್ಯೆಯೂ ಲೋಕದಲ್ಲಿಲ್ಲ ಎಂದುಕೊಂಡವನು. ಜಲ್ಲಿಯನ್ನು ಬಾಚಿ ಗುಂಡಿಗೆ ತಳ್ಳುವುದು ಅವನ ಕೆಲಸ. ಬಕೆಟ್ಟು ಮೇಲೆದ್ದಿತು. ಅಷ್ಟರಲ್ಲಿ ಗಂಟುಮೋರೆಯ ಕಣ್ಣಿಗೆ ಜಲ್ಲಿಯಲ್ಲಿ ನಾಲ್ಕು ಕಲ್ಲು ಬಿದ್ದವು. ಕಲ್ಲಿನ ಹಾಗೇ ಇದ್ದವು, ಬೂದು ಬಣ್ಣ, ಕಪ್ಪು ಚುಕ್ಕೆ. ಆದರೆ ನಾಲ್ಕೂ ಒಂದೇ ಅಳತೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿಟ್ಟ ಹಾಗೆ. ಹಾಗೆ ಜೋಡಿಸುವಷ್ಟು ಶ್ರದ್ಧೆ ಜಲ್ಲಿ ಸುರಿದ ಗುತ್ತಿಗೆದಾರನಿಗೆ ಇಲ್ಲ ಎಂಬುದು ಗಂಟುಮೋರೆಗೆ ಚೆನ್ನಾಗಿ ಗೊತ್ತಿತ್ತು.

“ನಿಲ್ಸೋ!”

“ಏನಣ್ಣ?”

“ಮೊಟ್ಟೆ ಇದೆ.”

ಬಕೆಟ್ಟು ಇಳಿದು ಬಂದು ಬಗ್ಗಿ ನೋಡಿದ. “ಇಷ್ಟೇನಾ? ಎತ್ತಿ ಆ ಕಡೆ ಇಟ್ರಾಯ್ತು. ನನ್ ಬಕೆಟ್ನಲ್ಲಿ ಹೂವಿನ ಹಾಗೆ ಎತ್ತೀನಿ ನೋಡು.”

“ನಿನ್ನ ಹೂವು ನಂಗೊತ್ತು. ಹೋದ ತಿಂಗಳು ಹೂವಿನ ಹಾಗೆ ನೀರಿನ ಪೈಪು ಎತ್ತಿದ್ದಲ್ಲ, ಅವತ್ತು ನಮ್ಮ ಬೀದೀಲಿ ಯಾರೂ ಸ್ನಾನ ಮಾಡ್ಲಿಲ್ಲ. ಹಿಂದಕ್ಕೆ ತಗೋ.”

ಯಂತ್ರ ಹಿಂದೆ ಸರಿಯಿತು. ಇಬ್ಬರೂ ದೂರ ನಿಂತರು. ಬಾಯಿಬಡುಕಿ ಸ್ವಲ್ಪ ಹೊತ್ತು ಬೈದು, ಆಮೇಲೆ ಏನೂ ಆಗಿಲ್ಲವೆಂಬಂತೆ ಸಣ್ಣ ಹೆಜ್ಜೆ ಇಡುತ್ತ ಬಂದು, ಹೊಟ್ಟೆಯ ಗರಿ ಬಿಡಿಸಿ, ಆ ಕಡೆ ಈ ಕಡೆ ಒಲೆದು, ಮೊಟ್ಟೆಗಳ ಮೇಲೆ ಕೂತಿತು. ಬಿಸಿಲು ಏರಿತು. ಅದು ಏಳಲಿಲ್ಲ. ಮಧ್ಯಾಹ್ನ ನೋಡಿದ, ಕೂತೇ ಇತ್ತು. ಸಂಜೆ ಪೆಟ್ಟಿಗೆ ಹೊತ್ತು ಮನೆಗೆ ಹೊರಟಾಗಲೂ ಇದೇ ಇತ್ತೋ, ಇದರ ಗಂಡ ಪಾಳಿ ಬದಲಾಯಿಸಿತ್ತೋ, ಅಂತೂ ಒಂದು ಕೂತಿತ್ತು. ಗಂಟುಮೋರೆ ಯೋಚನೆಗೆ ಬಿದ್ದ. ಮೂವತ್ತೆಂಟು ವರ್ಷದ ಮೇಲೆ ಮೊದಲನೇ ಜಾತಿಗೆ ಒಂದು ಅರ್ಜಿ ಬಂದಿತ್ತು.

ಮರುದಿನ ದುರ್ಬೀನು ಸಾಹೇಬರಿಗೆ ಫೋನು ಮಾಡಿದ. ಹಕ್ಕಿಗೆ ತೊಂದರೆಯೆಂದು ಅವರು ಒಂದು ಮಾತು ಬರೆದುಕೊಟ್ಟರೆ ಆ ಗುಂಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದಿತ್ತು.

“ಸಾರ್, ನಲವತ್ತೊಂದರಲ್ಲಿ ಗೂಡಿದೆ.”

“ಇರೋದಕ್ಕೆ ಸಾಧ್ಯ ಇಲ್ವಲ್ಲ. ಅದು ಪಕ್ಷಿರಹಿತ.”

“ಹಕ್ಕಿಗೆ ಗೊತ್ತಿಲ್ಲ ಅಂತ ಕಾಣುತ್ತೆ ಸಾರ್.”

“ಯಾವ ಮರ?”

“ಮರ ಇಲ್ಲ. ನೆಲದ ಮೇಲೆ. ಜಲ್ಲೀಲಿ.”

“ನಮೂನೇಲಿ ಮರದ ಎತ್ತರ ಅಂತ ಕಾಲಂ ಇದೆ ರೀ, ಅದನ್ನ ಖಾಲಿ ಬಿಡೋ ಹಾಗಿಲ್ಲ. ಹೋಗ್ಲಿ, ಕಡ್ಡಿ ಇದೆಯಾ?”

“ಕಡ್ಡಿ ಇಲ್ಲ ಸಾರ್. ಬರೀ ಕಲ್ಲು.”

“ಮರ ಇಲ್ಲ, ಕಡ್ಡಿ ಇಲ್ಲ. ಮತ್ತೆ ಗೂಡು ಹ್ಯಾಗ್ರೀ ಆಗುತ್ತೆ? ಕಲ್ಲಿನ ಮೇಲೆ ಹಕ್ಕಿ ಕೂತಿದೆ ಅಷ್ಟೇ. ಓಡಿಸಿ, ಹೋಗುತ್ತೆ.”

ಗಂಟುಮೋರೆ ಶೆಡ್ಡಿಗೆ ಹೋಗಿ ಮೇಜಿನ ಕಾಲಡಿಯಿಂದ ಯೋಜನೆಯ ಪುಸ್ತಕ ಎಳೆದ. ಚಹಾದ ಕೆಟಲ್ಲು ಉರುಳಿತು, ಉರುಳಲಿ. ಇನ್ನೂರ ಹನ್ನೆರಡನೇ ಪುಟದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಟಿಟ್ಟಿಭ ಬಯಲಿನಲ್ಲಿ, ಜಲ್ಲಿ ಕಲ್ಲಿನ ನಡುವೆ ಮೊಟ್ಟೆಯಿಡುತ್ತದೆ, ಗೂಡಿಗೆ ಕಡ್ಡಿ ಬಳಸುವುದಿಲ್ಲ, ಇಪ್ಪತ್ತೆಂಟು ದಿನ ಕಾವು ಕೊಡುತ್ತದೆ. ಮತ್ತೆ ಫೋನು ಮಾಡಿದ.

“ಸಾರ್, ನಿಮ್ಮ ಪುಸ್ತಕದಲ್ಲೇ ಇದೆ. ಇನ್ನೂರ ಹನ್ನೆರಡು.”

“ನೋಡಿ ಇವರೇ, ಅದನ್ನ ನಾನು ಓದಿಲ್ಲ. ನಾನು ಸಹಿ ಹಾಕಿರೋದು.”

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಕಿಟಕಿಯ ಬಳಿ ಕೂತು ಅವನ ಕೆಲಸದ ಅಂಗಿಯ ಗುಂಡಿ ಹೊಲಿಯುತ್ತಿದ್ದಳು. ಮಗಳು ಮದುವೆಯಾಗಿ ಎರಡು ಬೀದಿ ಆಚೆಗೇ ಇದ್ದಳು. ಮನೆಯಲ್ಲಿ ಇಬ್ಬರೇ ಇದ್ದದ್ದರಿಂದ ಬೈಗುಳವೆಲ್ಲ ಹಂಚಿಹೋಗದೆ ನೇರವಾಗಿ ಗುರಿ ಮುಟ್ಟುತ್ತಿತ್ತು.

“ಏನ್ರೀ, ಮುಖ ಇವತ್ತು ಇನ್ನೊಂದು ಸುತ್ತು ಬಿಗಿದಿದೆ?”

ಅವನು ಎಲ್ಲವನ್ನೂ ಹೇಳಿದ. ಹೇಳುವಾಗ ದುರ್ಬೀನಿನ ವಂಶವನ್ನು ಏಳು ತಲೆಮಾರು ಹಿಂದಕ್ಕೆ ಹೋಗಿ ಮಾತಾಡಿಸಿಕೊಂಡು ಬಂದ.

“ಹಕ್ಕಿ ಕಂಡ್ರೆ ನಿಮಗೆ ಆಗಲ್ಲ ಅಂತಿದ್ರಿ. ಮೊನ್ನೆ ಕಿಟಕೀಲಿ ಗುಬ್ಬಿ ಬಂದ್ರೆ ಚಪ್ಪಲಿ ಎಸೆದ್ರಿ.”

“ಆ ಗುಬ್ಬಿ ಏನು ಕೆಲಸ ಮಾಡ್ತಿತ್ತು ಹೇಳು? ಕಾಲಹರಣ. ಇದು ಕೂತಿದೆ ಕಣೇ. ನಲವತ್ತು ಡಿಗ್ರಿ ಬಿಸಿಲಲ್ಲಿ ಕೂತಿದೆ. ಅರ್ಧಕ್ಕೆ ಎಬ್ಬಿಸಿದ್ರೆ ಕೆಟ್ಟುಹೋಯ್ತು, ಗಂಟಿನ ಹಾಗೇ. ಕೂತವರನ್ನ ಎಬ್ಬಿಸಬಾರದು.”

“ಹಾಗಾದ್ರೆ ಇದ್ದದ್ದು ಇದ್ದ ಹಾಗೆ ಬರೀರಿ. ಕಾವಿಗೆ ಕೂತಿದೆ, ಮುಟ್ಟೋ ಹಾಗಿಲ್ಲ ಅಂತ. ನಿಮ್ಮ ಆ ಪುಸ್ತಕ ಇಲ್ವಾ, ದಿನಾ ಬರೆಯೋದು?”

ಗಂಟಿನ ಪುಸ್ತಕ ಎಂದು ಒಂದಿತ್ತು. ಯಾವ ಗುಂಡಿ, ಅದರ ಸ್ಥಿತಿ ಏನು ಎಂದು ಪ್ರತಿದಿನ ಬರೆದು ಕಚೇರಿಗೆ ಕಳಿಸಬೇಕು. ಆ ಪುಸ್ತಕದಲ್ಲಿ ಅವನು ಮೂವತ್ತೆಂಟು ವರ್ಷದಲ್ಲಿ ಒಂದು ಸುಳ್ಳು ಅಕ್ಷರ ಬರೆದವನಲ್ಲ, ಒಂದು ಹೆಚ್ಚಿನ ಅಕ್ಷರವನ್ನೂ ಬರೆದವನಲ್ಲ. ಸ್ಥಿತಿಯ ಕಾಲಂ ಎರಡು ಬೆರಳಗಲ. ಮರುದಿನ ಮೋಟು ಪೆನ್ಸಿಲ್ಲು ನಾಲಿಗೆಗೆ ತಾಗಿಸಿ ಬರೆದ: ‘ಗುಂಡಿ ೪೧. ಕಾವು ಇದೆ. ಮುಟ್ಟುವಂತಿಲ್ಲ.’

ಆ ಕಾಗದ ಹೋಗಿ ಬಿದ್ದದ್ದು ಇಂಜಿನಿಯರ್ ಸಾಹೇಬರ ಮೇಜಿಗೆ. ಇವರನ್ನು ತರಬೇತಿ ಸಾಹೇಬರು ಅನ್ನುತ್ತಿದ್ದರು, ಯಾಕೆಂದರೆ ಸದಾ ಯಾವುದೋ ಒಂದು ತರಬೇತಿಯಿಂದ ಬಂದಿರುತ್ತಿದ್ದರು ಇಲ್ಲವೇ ಇನ್ನೊಂದಕ್ಕೆ ಹೊರಟಿರುತ್ತಿದ್ದರು. ಕೇಬಲ್ಲನ್ನು ಅವರು ಪರದೆಯ ಮೇಲೆ ಬೇಕಾದಷ್ಟು ನೋಡಿದ್ದರು. ಆಗ ತಾನೇ ‘ನೆಲದ ಕಾವು’ ಎಂಬ ವಿಷಯದ ಮೇಲೆ ಐದು ದಿನ ಊಟ ಮಾಡಿ ಬಂದಿದ್ದರು. ನೆಲದಡಿ ಹೂತ ಕೇಬಲ್ಲು ಕಾಯುತ್ತದೆ, ಸುತ್ತಲಿನ ಮಣ್ಣು ಆ ಕಾವನ್ನು ಹೀರಿಕೊಳ್ಳದಿದ್ದರೆ ಕೇಬಲ್ಲು ಸುಟ್ಟುಹೋಗುತ್ತದೆ ಎಂಬುದು ನಿಜವಾದ ಸಂಗತಿಯೇ. ಆದರೆ ಅದಕ್ಕೆ ಕೇಬಲ್ಲಿನಲ್ಲಿ ಕರೆಂಟು ಇರಬೇಕು. ಕರೆಂಟು ಇರಲಿ, ನಲವತ್ತೊಂದನೇ ಗುಂಡಿಗೆ ಕೇಬಲ್ಲೇ ಬಂದಿರಲಿಲ್ಲ. ಇದು ತರಬೇತಿಯಲ್ಲಿ ಬಂದಿರಲಿಲ್ಲವೋ, ಅಥವಾ ಆ ಹೊತ್ತಿನಲ್ಲಿ ಸಾಹೇಬರು ಎರಡನೇ ಸಲ ಬಡಿಸಿಕೊಳ್ಳಲು ಎದ್ದುಹೋಗಿದ್ದರೋ.

‘ಕಾವು ಇದೆ’ ಎಂಬುದನ್ನು ಓದಿ ಅವರು ಕುರ್ಚಿಯಿಂದ ಜಿಗಿದೆದ್ದರು. ಆ ಸಂಜೆಯೇ ಆಜ್ಞೆ ಹೊರಟಿತು: ನಲವತ್ತೊಂದನೇ ಗುಂಡಿಯ ಸುತ್ತ ಐವತ್ತು ಅಡಿಯೊಳಗೆ ಯಾರೂ ಸುಳಿಯಬಾರದು; ಯಂತ್ರ ಅತ್ತ ಹೋಗಬಾರದು; ಕಾವಿನ ಸ್ಥಿತಿಗತಿಯನ್ನು ಪ್ರತಿದಿನ ವರದಿ ಮಾಡತಕ್ಕದ್ದು.

ಬಕೆಟ್ಟು ಅದನ್ನು ಓದಿ ತಲೆ ಕೆರೆದುಕೊಂಡ. “ಗುರುವೇ, ನಮ್ ಸಾಹೇಬ್ರಿಗೆ ಹಕ್ಕಿ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತು?”

ಗಂಟುಮೋರೆ ಎರಡು ಸಲ ಓದಿದ. ಮೂರನೇ ಸಲ, ಕಾಗದದ ತಲೆಯಲ್ಲಿದ್ದ ವಿಷಯದ ಸಾಲಿನ ‘ಉಷ್ಣಾಂಶ’ ಎಂಬ ಪದ ಕಣ್ಣಿಗೆ ಬಿದ್ದಾಗ ಎಲ್ಲ ಅರ್ಥವಾಯಿತು. ಅವನ ಮುಖದಲ್ಲಿ ಆಗ ಏನೋ ಆಯಿತಂತೆ. ನಗು ಇರಬಹುದು ಎಂದು ಬಕೆಟ್ಟು ಹೇಳುತ್ತಾನೆ, ಆದರೆ ಮೊದಲು ನೋಡಿದ ಅನುಭವ ಇಲ್ಲದ್ದರಿಂದ ಖಾತ್ರಿಯಿಲ್ಲ.

“ನೀನು ಹೇಳಲ್ವಾ ಅವರಿಗೆ?”

“ನಾನು ಹೇಳೋದನ್ನ ಬರೆದಾಯ್ತು. ಅದರಲ್ಲಿ ಸುಳ್ಳಿದೆಯಾ? ಕಾವು ಅಂದ್ರೆ ಕಾವೇ. ಓದೋಕೆ ಬರದವರಿಗೆ ನಾನೇನು ಅಕ್ಷರ ತಿದ್ದಿಸ್ಲಾ?”

ಅಲ್ಲಿಂದ ಪ್ರತಿದಿನ ಐವತ್ತು ಅಡಿ ದೂರದಲ್ಲಿ, ಕೇಬಲ್ಲಿನ ಖಾಲಿ ಉರುಳೆಯ ಮೇಲೆ ಕೂತು ನೋಡಿದ್ದನ್ನು ನೋಡಿದಂತೆ ಬರೆದ. ‘ಕಾವು ಮುಂದುವರಿದಿದೆ.’ ‘ಬೆಳಿಗ್ಗೆ ಮಳೆ. ಆದರೂ ಕಾವು ಬಿಟ್ಟಿಲ್ಲ.’ ಕಚೇರಿಯಲ್ಲಿ ಎಲ್ಲರ ಕೈಕಾಲು ತಣ್ಣಗಾಯಿತು: ಮಳೆಗೂ ಆರದ ಕಾವು! ಒಂದು ದಿನ ವಿಪರೀತ ಬಿಸಿಲು. ಬಾಯಿಬಡುಕಿ ಎದ್ದು ನೀರಿಗೆ ಹೋಗಿ ಹೊಟ್ಟೆಯ ಗರಿಯನ್ನೆಲ್ಲ ತೋಯಿಸಿಕೊಂಡು ಬಂದು, ಒದ್ದೆ ಹೊಟ್ಟೆಯಲ್ಲೇ ಮೊಟ್ಟೆಯ ಮೇಲೆ ಕೂತಿತು. ಹೀಗೆ ಹತ್ತು ಸಲ. ಗಂಟುಮೋರೆ ಬರೆದ: ‘ಮಧ್ಯಾಹ್ನ ಕಾವು ಮಿತಿಮೀರದಂತೆ ನೀರು ತಂದು ತಣಿಸಲಾಯಿತು. ಹತ್ತು ಸಲ.’ ಮರುದಿನ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು, ನೀರು ಹೊತ್ತ ಸಿಬ್ಬಂದಿಯ ಹೆಸರು ಕಳಿಸಿ ಎಂದು. ‘ಹಗಲು ಒಬ್ಬರು, ರಾತ್ರಿ ಒಬ್ಬರು, ಪಾಳಿಯಲ್ಲಿ ನೋಡಿಕೊಳ್ಳುತ್ತಿದ್ದಾರೆ’ ಎಂದು ಉತ್ತರಿಸಿದ. ಅದೂ ನಿಜವೇ.

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. “ಗೊತ್ತಾದ್ರೆ ಏನು ಮಾಡ್ತಾರೆ ರೀ?”

“ಪೆಟ್ಟಿಗೆ ಕಿತ್ಕೊಂಡು ನನ್ನನ್ನ ಸ್ಟೋರಿಗೆ ಹಾಕ್ತಾರೆ. ನಿವೃತ್ತಿ ಆಗೋವರೆಗೆ ನಟ್ಟು ಬೋಲ್ಟು ಎಣಿಸ್ತಾ ಕೂರೋದು.”

ಅವನು ಸುಲಭವಾಗಿ ಹೇಳಿದ, ಆದರೆ ಅವಳಿಗೆ ಗೊತ್ತಿತ್ತು. ಆ ಪೆಟ್ಟಿಗೆ ಮದುವೆಗಿಂತ ಹಳೆಯದು. ಅದರೊಳಗಿನ ಸುಲಿಯುವ ಚಾಕುವಿನ ಹಿಡಿ ಅವನ ಹೆಬ್ಬೆರಳಿನ ಆಕಾರಕ್ಕೇ ಸವೆದಿತ್ತು. ಗಂಟು ಕಟ್ಟುವವನನ್ನು ಸ್ಟೋರಿಗೆ ಹಾಕುವುದೆಂದರೆ ಹಾಡುವವನನ್ನು ಟಿಕೆಟ್ಟು ಹರಿಯಲು ಕೂರಿಸಿದ ಹಾಗೆ.

“ಒಂದು ಹಕ್ಕಿಗೋಸ್ಕರ?”

“ಹಕ್ಕಿಗೋಸ್ಕರ ಯಾರು ಅಂದ್ರು?” ಎಂದು ರೇಗಿದ. “ಅದು ಕೂತಿರೋದಕ್ಕೋಸ್ಕರ.”

ಇಪ್ಪತ್ತಾರನೇ ದಿನ ಅವರು ಬಂದರು. ಮೊದಲು ತರಬೇತಿ ಸಾಹೇಬರ ಜೀಪು, ಅದರ ಹಿಂದೆ ದುರ್ಬೀನಿನ ಕಾರು. ಜೌಗಿನ ನೆಲಕ್ಕೆ ಏನೇ ಚುಚ್ಚಿದರೂ ಪಕ್ಷಿ ಅಧಿಕಾರಿಯ ಸಹಿ ಬೇಕೆಂಬುದು ನಿಯಮ. ತರಬೇತಿ ಸಾಹೇಬರ ಕೈಯಲ್ಲಿ ಆಳುದ್ದದ ಒಂದು ಉಕ್ಕಿನ ಕೋಲು. ಅದನ್ನು ನೆಲಕ್ಕೆ ಚುಚ್ಚಿದರೆ ತುದಿಯಲ್ಲಿ ಕಾವು ಎಷ್ಟೆಂದು ಅಂಕಿ ಮೂಡುತ್ತದಂತೆ. ಹೊಸ ಬೂಟು, ಹೊಸ ಹೆಲ್ಮೆಟ್ಟು, ಮುಖದಲ್ಲಿ ಭೂಮಿಯ ಗರ್ಭವನ್ನೇ ಪರೀಕ್ಷಿಸಲು ಹೊರಟ ಗಾಂಭೀರ್ಯ.

“ಎಲ್ರೀ ಕಾವು?” ಎನ್ನುತ್ತ ನೇರ ಜಲ್ಲಿಯ ಕಡೆ ನಡೆದರು.

ಬಾಯಿಬಡುಕಿ ಎದ್ದಿತು. ಅದರ ಗಂಡನೂ ಎಲ್ಲಿಂದಲೋ ಬಂದು ಸೇರಿತು. ಎರಡೂ ಸೇರಿ ದುರ್ಬೀನು ಸಾಹೇಬರ ಮೇಲೆ ಎರಗಿದವು. ಹಕ್ಕಿಗಳ ಆಯ್ಕೆಯನ್ನು ಮೆಚ್ಚಬೇಕು. ಸಾಹೇಬರು ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡು ಗಿರಗಿಟ್ಟಲೆಯ ಹಾಗೆ ತಿರುಗಿದರು, ದುರ್ಬೀನು ಕೊರಳಿನ ಸುತ್ತ ಎರಡು ಸುತ್ತು ಸುತ್ತಿತು.

“ಇದ್ಯಾವ ಹಾಳು ಹಕ್ಕಿ ರೀ!”

“ನಿಮ್ಮ ಪಟ್ಟೀಲಿ ಇಲ್ಲದ್ದು ಸಾರ್,” ಎಂದ ಬಕೆಟ್ಟು ದೂರದಿಂದ.

ತರಬೇತಿ ಸಾಹೇಬರು ಇದಾವುದಕ್ಕೂ ಕ್ಯಾರೇ ಅನ್ನದೆ ಕೋಲು ಎತ್ತಿದರು. ಅವರ ಹೊಸ ಬೂಟಿಗೂ ಮೊಟ್ಟೆಗಳಿಗೂ ಒಂದು ಗೇಣು ಅಂತರ. ಅಲ್ಲಿ ಮೊಟ್ಟೆಯಿದೆಯೆಂದು ಅವರಿಗೆ ಹೊಳೆಯುವ ಮಾತೇ ಇರಲಿಲ್ಲ. ಅವರ ಕಣ್ಣಿಗೆ ಅದು ಜಲ್ಲಿ.

“ಕಾಲು!” ಎಂದು ಅಬ್ಬರಿಸಿದ ಗಂಟುಮೋರೆ. ಸಾಹೇಬರು ಒಂಟಿಕಾಲಲ್ಲಿ ನಿಂತುಬಿಟ್ಟರು. ಅರವತ್ತು ಹತ್ತಿರವಾದ ಮನುಷ್ಯ, ಮಂಡಿ ಸರಿಯಿಲ್ಲ, ಆದರೂ ಐವತ್ತು ಅಡಿಯನ್ನು ಯಾವ ಹೊತ್ತಿನಲ್ಲಿ ದಾಟಿದನೋ, ಹೋಗಿ ಅವರ ಬೂಟಿನ ಮುಂದೆ ಜಲ್ಲಿಯ ಮೇಲೆ ದಪ್ಪನೆ ಕೂತ, ಎರಡು ಕಾಲೂ ಚಾಚಿ, ಮೊಟ್ಟೆಗಳನ್ನು ನಡುವೆ ಬಿಟ್ಟುಕೊಂಡು.

“ಏನ್ರೀ ಇದು? ಏಳ್ರೀ ಮೇಲೆ!”

“ಏಳಲ್ಲ ಸಾರ್. ಕಾವು ಎಲ್ಲಿ ಅಂದ್ರಲ್ಲ, ಇಲ್ಲಿದೆ. ನಾಲ್ಕು.”

ಸಾಹೇಬರು ಬಗ್ಗಿ ನೋಡಿದರು. ನೋಡಿದ್ದು ತಲೆಗೆ ಏರಲು ಸ್ವಲ್ಪ ಹೊತ್ತು ಹಿಡಿಯಿತು, ತರಬೇತಿ ಬೇಕಾಗಿತ್ತೇನೋ.

“ಇದು... ಮೊಟ್ಟೆ.”

“ಹೌದು ಸಾರ್.”

“ನೀವು ಕಾವು ಅಂತ ಬರೆದ್ರಿ!”

“ಮೊಟ್ಟೆ ಮೇಲೆ ಹಕ್ಕಿ ಕೂತ್ರೆ ಅದಕ್ಕೆ ಕಾವು ಅನ್ನದೆ ಇನ್ನೇನಂತಾರೆ ಸಾರ್? ನಿಮ್ಮ ಮನೇಲಿ ಏನಂತಾರೆ?”

ಸಾಹೇಬರ ಮುಖ ಹಕ್ಕಿಯ ಕಣ್ಣಿನ ಮುಂದಿನ ಚರ್ಮದ ಬಣ್ಣಕ್ಕೆ ತಿರುಗಿತು. “ಸ್ಟೋರಿಗೆ ಹಾಕ್ತೀನಿ ನಿಮ್ಮನ್ನ! ಇಪ್ಪತ್ತಾರು ದಿನ ಕೆಲಸ ನಿಲ್ಲಿಸಿದ್ದೀರಿ! ಈಗಲೇ ಮೇಲಿನವರಿಗೆ ಬರೀತೀನಿ, ಇಲ್ಲಿ ಕಾವೂ ಇಲ್ಲ ಏನೂ ಇಲ್ಲ, ಬರೀ ಹಕ್ಕಿ ಅಂತ!”

“ಬರೀರಿ ಸಾರ್,” ಅಂದ ಗಂಟುಮೋರೆ. ಅಷ್ಟು ಹೊತ್ತಿಗೆ ಅವನು ಪೆಟ್ಟಿಗೆಯ ಆಸೆ ಬಿಟ್ಟಾಗಿತ್ತು. ಜಲ್ಲಿ ಚುಚ್ಚುತ್ತಿತ್ತು, ಆದರೆ ಅಂಗಾಲಿನ ಹತ್ತಿರದ ಆ ನಾಲ್ಕು ಬೂದು ಕಲ್ಲುಗಳಲ್ಲಿ ಒಂದು, ಅವನು ನೋಡುತ್ತಿದ್ದಂತೆಯೇ, ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಸಣ್ಣಗೆ ಅಲುಗಿತು. ಅವನು ಉಸಿರನ್ನೂ ಜೋರಾಗಿ ಬಿಡಲಿಲ್ಲ.

ಆಗ ದುರ್ಬೀನು ಸಾಹೇಬರು ಕೊರಳು ಬಿಡಿಸಿಕೊಳ್ಳುತ್ತ ಹತ್ತಿರ ಬಂದರು. ಅವರ ಧ್ವನಿ ತಗ್ಗಿತ್ತು. “ಹಕ್ಕಿ ಅಂತ ಬರೀಬೇಡಿ ಸಾರ್.”

“ಯಾಕ್ರೀ?”

“ಇದು ಪಕ್ಷಿರಹಿತ ಅಂತ ನನ್ನ ಸಹಿ ಇದೆ.”

“ನಿಮ್ಮ ಸಹಿ ಕಟ್ಕೊಂಡು ನನಗೇನು! ನಾನು...” ಎಂದವರು ಅಲ್ಲಿಗೇ ನಿಂತರು. ಏನೋ ನೆನಪಾಯಿತು. ಮೂರು ವಾರದಿಂದ ಅವರು ಪ್ರಧಾನ ಕಚೇರಿಗೆ ದಿನಾ ಬರೆಯುತ್ತಿದ್ದರು. ಕೇಬಲ್ಲೇ ಇಲ್ಲದ ನೆಲದಲ್ಲಿ ಹುಟ್ಟಿದ, ಮಳೆಗೂ ಆರದ ಕಾವಿನ ಬಗ್ಗೆ. ಮುಂದಿನ ವಾರ ದೊಡ್ಡ ಸಭೆಯಲ್ಲಿ ‘ನೆಲಗಾವಿನ ಹೊಸ ಮುಖಗಳು’ ಎಂದು ಅವರ ಭಾಷಣ. ಕರೆಯೋಲೆ ಅಚ್ಚಾಗಿತ್ತು. ಅದರಲ್ಲಿ ಅವರ ಭಾವಚಿತ್ರವೂ ಇತ್ತು, ಟೈ ಕಟ್ಟಿಕೊಂಡದ್ದು.

ಇಬ್ಬರು ಸಾಹೇಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರ ಕಾಗದ ನಿಲ್ಲಬೇಕಾದರೆ ಅಲ್ಲಿ ಹಕ್ಕಿ ಇರಕೂಡದು. ಇನ್ನೊಬ್ಬರದು ನಿಲ್ಲಬೇಕಾದರೆ ಕಾವು ಇರಲೇಬೇಕು. ಬಾಯಿಬಡುಕಿ ಇಬ್ಬರ ನೆತ್ತಿಯ ಮೇಲೂ ಕೂಗುತ್ತ ಹಾರಾಡುತ್ತಿತ್ತು, ಇಬ್ಬರೂ ಅದು ಕೇಳಿಸದವರ ಹಾಗೆ ನಿಂತಿದ್ದರು. ಇಷ್ಟು ದೊಡ್ಡ ಗಂಟಲು ಕೇಳಿಸದಿರಲು ಎಷ್ಟು ವರ್ಷದ ನೌಕರಿ ಬೇಕೋ.

“ಕಾವು ಇನ್ನೆಷ್ಟು ದಿನ ಇರುತ್ತೆ?” ಎಂದು ತರಬೇತಿ ಸಾಹೇಬರು ಕೊನೆಗೆ ಕೇಳಿದರು, ಆಕಾಶ ನೋಡುತ್ತ.

“ಎರಡು ದಿನ ಸಾರ್. ಬೇಕಾದ್ರೆ ಇನ್ನೂರ ಹನ್ನೆರಡನೇ ಪುಟ ನೋಡಿ.”

“ಕಾವು ತಾನಾಗಿ ಇಳಿಯುವ ಲಕ್ಷಣವಿದೆ,” ಎಂದು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು. ದುರ್ಬೀನು ಅದರ ಕೆಳಗೆ ಓದದೆ ಸಹಿ ಹಾಕಿದರು. ಜೀಪು ಹತ್ತುವ ಮುನ್ನ ತರಬೇತಿ ಸಾಹೇಬರು ತಿರುಗಿ, “ನೀವು ಸೋಮವಾರದಿಂದ ಸ್ಟೋರು,” ಅಂದರು.

“ನಲವತ್ತೊಂದನ್ನ ನಾನೇ ಕಟ್ಟಿ ಬರ್ತೀನಿ ಸಾರ್.”

ಸಾಹೇಬರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಎರಡರಲ್ಲಿ ಯಾವುದಕ್ಕೂ ನಮೂನೆ ಇರಲಿಲ್ಲವೇನೋ.

ಇಪ್ಪತ್ತೆಂಟನೇ ದಿನ ನಾಲ್ಕೂ ಒಡೆದವು. ಹತ್ತಿಯುಂಡೆಗೆ ಬೆಂಕಿಕಡ್ಡಿಯ ಕಾಲು ಸಿಕ್ಕಿಸಿದಂತಿದ್ದ ಮರಿಗಳು ಮೈ ಒಣಗುತ್ತಿದ್ದಂತೆ ಎದ್ದು, ತಾಯಿಯ ಹಿಂದೆ ಸಾಲಾಗಿ ಏರಿ ಇಳಿದು ಜೊಂಡಿನೊಳಗೆ ನಡೆದುಹೋದವು. ಬಕೆಟ್ಟು ಯಂತ್ರ ನಿಲ್ಲಿಸಿ, ಟೋಪಿ ತೆಗೆದು, ದಾರಿ ಬಿಟ್ಟು ನಿಂತಿದ್ದ. “ಹಿಂತಿರುಗಿ ನೋಡ್ಲೂ ಇಲ್ವಲ್ಲ ಗುರುವೇ,” ಅಂದ.

“ಕೆಲಸ ಮುಗೀತು, ಎದ್ದು ಹೋದ್ರು. ನಿನಗೇನು ಭಾಷಣ ಮಾಡ್ಬೇಕಿತ್ತಾ?”

ಉರುಳೆ ಬಂತು. ಭಾನುವಾರ ಬೆಳಿಗ್ಗೆ ಗಂಟುಮೋರೆ ಗುಂಡಿಗಿಳಿದು ಕೂತ. ತೊಗಟೆ ಸುಲಿದ, ತಂತಿ ಬಿಚ್ಚಿದ, ತಾಮ್ರ ಮಡಚಿದ. ಬಾಯಿಬಡುಕಿ ಜೊಂಡಿನಿಂದ ಬಂದು ಮೇಲೆ ಸುತ್ತುತ್ತ ಬಾಯಿಗೆ ಬಂದಂತೆ ಬೈಯಿತು. ಒಮ್ಮೆ ಎರಗಿ ಬಂದು ಹೆಲ್ಮೆಟ್ಟಿನ ಮೇಲೆ ಹಿಕ್ಕೆಯನ್ನೂ ಹಾಕಿತು. ಉಪಕಾರದ ನೆನಪು ಅದಕ್ಕೆ ಎಳ್ಳಷ್ಟೂ ಇರಲಿಲ್ಲ. ಅವನು ತಲೆ ಎತ್ತಲಿಲ್ಲ. ಈ ಕಾಮಗಾರಿಯಲ್ಲಿ ತನ್ನನ್ನು ಕಂಡು ಹಲ್ಲು ಕಿರಿಯದೆ ಇದ್ದದ್ದು ಅದೊಂದೇ ಎಂದುಕೊಂಡ. ಒಂಬತ್ತು ಗಂಟೆ ಕೂತು ಕೇಬಲ್ಲಿನೊಳಗಿನ ಮೂರು ಎಳೆಯನ್ನೂ ಕಟ್ಟಿ, ಮೇಲೆ ಮುಚ್ಚಿ, ಕೈ ಒರೆಸಿಕೊಂಡು ಎದ್ದ. ಗಂಟಿನ ಪುಸ್ತಕದಲ್ಲಿ ಬರೆದ: ‘ಗುಂಡಿ ೪೧. ಕಾವು ಮುಗಿದಿದೆ. ನಾಲ್ಕೂ ಎದ್ದು ಹೋದವು. ಗಂಟು ಕಟ್ಟಲಾಗಿದೆ.’

ತರಬೇತಿ ಸಾಹೇಬರ ಭಾಷಣಕ್ಕೆ ಚಪ್ಪಾಳೆ ಬಿತ್ತಂತೆ. ‘ಕಾವು ಕಂಡುಬಂದ ಗುಂಡಿಯನ್ನು ಇಪ್ಪತ್ತೆಂಟು ದಿನ ಮುಟ್ಟತಕ್ಕದ್ದಲ್ಲ’ ಎಂದು ಪ್ರಧಾನ ಕಚೇರಿಯಿಂದ ನಿಯಮವೇ ಹೊರಟಿತು. ಇಪ್ಪತ್ತೆಂಟೇ ಯಾಕೆಂದು ಅಲ್ಲಿ ಯಾರೂ ಕೇಳಲಿಲ್ಲ.

ಗಂಟುಮೋರೆ ಸೋಮವಾರ ಸ್ಟೋರಿಗೆ ಹೋದ. ಪೆಟ್ಟಿಗೆಯನ್ನು ಅವನ ಜಾಗಕ್ಕೆ ಬಂದ ಹೊಸ ಗಂಟಿನವನಿಗೆ ಒಪ್ಪಿಸಿದ, ಚಾಕುವಿನ ಸಮೇತ. ಒಪ್ಪಿಸುವಾಗ, “ನಿನ್ನ ಹೆಬ್ಬೆರಳಿಗೆ ಇದು ಹೊಂದಲ್ಲ, ಎರಡು ವರ್ಷ ಬೇಕು,” ಎಂದು ಬೈದ. ಹೊಸಬ ಹೋಗುವಾಗ ಬಾಗಿಲಲ್ಲಿ ನಿಂತು ಅಳುಕುತ್ತ ಕೇಳಿದ: “ಅಣ್ಣ, ಐವತ್ತಮೂರರ ಹತ್ರ ಜೊಂಡಲ್ಲಿ ಒಂದು ಕರೀ ಹಕ್ಕಿ ಕೂತಿದೆ. ಏನಂತ ಬರೀಲಿ?”

ಗಂಟುಮೋರೆ ನಟ್ಟು ಎಣಿಸುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ.

“ಇದ್ದದ್ದು ಇದ್ದ ಹಾಗೆ ಬರಿ. ಕಾಲಂ ಎರಡೇ ಬೆರಳು, ಜಾಸ್ತಿ ಬರೀಬೇಡ.”